ಹನ್ನೊಂದಕ್ಕೆ ನಲವತ್ತಮೂರು

ಹಳೇ ಗೇರ್ ಆಯಿಲ್‌ಗೆ ಕೆಟ್ಟ ಮೊಟ್ಟೆಯಂಥ ವಾಸನೆ ಇರುತ್ತದೆ. ಮೊನ್ನೆ ತುರುವೇಕೆರೆಯ ನನ್ನ ಶೆಡ್ಡಿನಲ್ಲಿ ಒಂದು ಜೀಪಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರ ತಿರುಗಿಸುವ ಗೇರಿನ ಡಬ್ಬಿ, ಬಿಚ್ಚಿದಾಗ ಅದು ಮುಖಕ್ಕೆ ಹೊಡೆಯಿತು. ತಿಪಟೂರಿನ ಯಜಮಾನರು ನೆನಪಾದರು. ನಾನು ಕೆಲಸ ಕಲಿತ ಗ್ಯಾರೇಜು ಅವರದು.

ಕೊಬ್ಬರಿ ಲಾರಿಗಳ ಹಿಂದಿನ ಆಕ್ಸಲ್ ಬಿಚ್ಚಿ, ನನ್ನ ಕೈಯನ್ನೇ ಒಳಗೆ ಹಾಕಿಸಿ, ಗೇರಿನ ಹಲ್ಲು ಎಣಿಸಲು ಕಲಿಸಿದವರು. ಆಗ ಡಿಪ್ಲೊಮಾ ಮುಗಿಸಿದ್ದರೂ ಒಬ್ಬ ಹುಡುಗಿಯನ್ನು ಬೇರೆ ಯಾವ ಗ್ಯಾರೇಜೂ ಒಳಗೆ ಬಿಟ್ಟುಕೊಂಡಿರಲಿಲ್ಲ...

ಒಂದು ಬೇಸಿಗೆ, ದಂಡಿನಶಿವರದ ಕಡೆ ಒಣಗಿದ ಕೆರೆಯಂಗಳದಲ್ಲಿ ಕಾರ್ ರೇಸ್ ಇಟ್ಟಿದ್ದರು. ಕೊಬ್ಬರಿ ಮಂಡಿಯವರೊಬ್ಬರು ತಮ್ಮ ಟರ್ಬೊ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಡಿಫರೆನ್ಷಿಯಲ್‌ಗೆ ಯಾವ ರೇಷಿಯೋ ಹಾಕುವುದು ಅನ್ನುವುದೇ ಪ್ರಶ್ನೆ. ಚಿಕ್ಕ ಗೇರಿಗೆ ಒಂಬತ್ತು ಹಲ್ಲು, ದೊಡ್ಡದಕ್ಕೆ ನಲವತ್ತೊಂದು ಅಂದರು ಯಜಮಾನರು. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಕಾರು ಜಿಗಿಯಬೇಕು ಅನ್ನುವುದು ಅವರ ಲೆಕ್ಕ. ನಾನು ಆ ಕಾರನ್ನು ಶೆಟ್ಟಿಕೆರೆ ರಸ್ತೆಯಲ್ಲಿ ಓಡಿಸಿ ನೋಡಿದ್ದೆ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಉಸಿರು ತುಂಬಿಕೊಳ್ಳಲು ಒಂದು ಗಳಿಗೆ ಬೇಕು. ಅವರು ಹೇಳಿದ್ದನ್ನು ಹಾಕಿದರೆ ಅದು ತುಂಬಿಕೊಳ್ಳುವಷ್ಟರಲ್ಲಿ ಆ ಗೇರಿನ ವೇಗವೇ ಮುಗಿದಿರುತ್ತದೆ. ಹನ್ನೊಂದಕ್ಕೆ ನಲವತ್ತಮೂರು ಸಾಕು ಅಂತ, ಒಂದೊಂದು ಗೇರಿನ ವೇಗವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.

"ಎಳಿಯಲ್ಲ ಕಣವ್ವ ಅದು," ಅಂದರು. ಚೀಟಿ ಮಾತ್ರ ಜೇಬಿಗೆ ಹಾಕಿಕೊಂಡರು. ಎರಡು ದಿನ ಬಿಟ್ಟು ನೋಡಿದರೆ ಬೆಂಚಿನ ಮೇಲೆ ನಾನು ಹೇಳಿದ ಸೆಟ್ಟೇ ಇತ್ತು. ನಾವಿಬ್ಬರೇ ಕೂಡಿಸಿದೆವು.

ಕಾರು ಗೆದ್ದಿತು. ಹಾರ ಹಾಕಿಸಿಕೊಂಡ ಯಜಮಾನರು ಮೈಕಿನಲ್ಲಿ, "ರೇಷಿಯೋ ನಂದು. ಮೂವತ್ತು ವರ್ಷದ ಅನುಭವ," ಅಂದರು. ನಾನು ಟೂಲ್ ಬಾಕ್ಸ್ ಹಿಡಿದು ಹತ್ತಡಿ ದೂರದಲ್ಲಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಮಾರನೇ ಬೆಳಿಗ್ಗೆ, ಯಾಕೆ ಹಾಗಂದಿರಿ ಅಂತ ಕೇಳಿದೆ. ಸ್ಪ್ಯಾನರ್ ಒರೆಸುತ್ತಲೇ ಹೇಳಿದರು: "ಹೆಣ್ಮಗಳು ಹಾಕಿದ್ ಲೆಕ್ಕ ಅಂದಿದ್ರೆ ಆಯಪ್ಪ ಕಾರೇ ಬುಡ್ತಿರ್ಲಿಲ್ಲ ಕಣವ್ವ. ಗೆದ್ವಲ್ಲ, ಬುಡು."

"ಗೆದ್ದ ಮೇಲಾದ್ರೂ ಹೇಳ್ಬೋದಿತ್ತು."

ಅವರು ಒರೆಸಿದ ಸ್ಪ್ಯಾನರ್ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಆ ವಾರವೇ ಕೆಲಸ ಬಿಟ್ಟು ಬಂದೆ.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ನನ್ನ ಶೆಡ್ಡಿಗೆ ಬಂದರು. ಕಾರಿನಡಿ ಮಲಗಿದ್ದ ನನಗೆ ಅವರ ಕಾಲುಗಳಷ್ಟೇ ಕಂಡವು, ಎಡಗಾಲು ಊದಿಕೊಂಡಿತ್ತು. "ಇದ್ದೀಯೇನವ್ವ?" ಅಂದರು. ದನಿ ಗುರುತಾಗದೆ ಏನು. ನಾನು ನಟ್ಟು ತಿರುಗಿಸುತ್ತಲೇ ಇದ್ದೆ. ಅವರು ಇನ್ನೊಂದು ಸಲ ಕರೆಯಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದರು... ಏನು ಹೇಳಲು ಬಂದಿದ್ದರೋ. ಆ ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ. ಅವರನ್ನು ಎದುರಿಗೆ ನಿಲ್ಲಿಸಿ ಬೈಯಬೇಕೆಂದಿದ್ದ ಮಾತುಗಳು ಹಾಗೇ ಉಳಿದವು; ಕೇಳಿಸಿಕೊಳ್ಳುವವರು ಈಗಿಲ್ಲ.

ಟರ್ಬೊ ಕಾರಿನವರು ಈಗ ದೂರದಿಂದ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ನಿನ್ನೆ ಬಂದವನೊಬ್ಬ ನನ್ನ ಕೆಲಸ ನೋಡುತ್ತಾ ನಿಂತು, "ಇದೆಲ್ಲ ಯಾರ್ ಕಲ್ಸಿದ್ರು ಮೇಡಂ?" ಅಂತ ಕೇಳಿದ.

"ಡಿಪ್ಲೊಮಾದಲ್ಲಿ," ಅಂದೆ.

ನಮ್ಮ ಡಿಪ್ಲೊಮಾದಲ್ಲಿ ಒಂದು ದಿನವೂ ಯಾರೂ ಡಿಫರೆನ್ಷಿಯಲ್ ಬಿಚ್ಚಿ ತೋರಿಸಿರಲಿಲ್ಲ.