ಕ್ಯೂಬಾದ ಮೇಲೆ ನನಗಿದ್ದ ಹೊಟ್ಟೆಕಿಚ್ಚು

ಒಂದು ದೇಶದ ಮೇಲೂ ಹೊಟ್ಟೆಕಿಚ್ಚುಪಡಬಹುದೆಂದು ನನಗೆ ಗೊತ್ತಾದದ್ದು ಶಹಾಪುರದ ಹತ್ತಿರದ ನಮ್ಮೂರು ಸಗರದಲ್ಲಿದ್ದಾಗ. ಕಾಲುವೆಗೆ ನೀರು ಬಂದ ಹೊಸತು. ನಾನು ಸಂಜೆ ಶಾಲೆಯ ಪಡಸಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಆಕೆ ನನ್ನ ಕೈಯಲ್ಲೇ ಕಲಿಯಬೇಕೆಂಬುದು ನನ್ನ ಹಟ. ಆಕೆಯೋ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು.

ನಮ್ಮಂಥ ಕಲಿಸುವವರಿಗೆಂದು ಶಹಾಪುರದಲ್ಲಿ ನಡೆಸಿದ ತರಬೇತಿಯಲ್ಲಿ ಬೇರೆ ದೇಶಗಳ ಸುದ್ದಿ ಹೇಳಿದರು. ಕ್ಯೂಬಾದಲ್ಲಿ ಕಲಿಸುವವರು ರೈತರ ಮನೆಯಲ್ಲೇ ಉಳಿದು, ಹಗಲು ಅವರ ಜೊತೆ ಹೊಲದಲ್ಲಿ ದುಡಿದು, ಆಮೇಲೆ ಪಾಠ ಹೇಳಿದರಂತೆ. ತಾಂಜಾನಿಯಾದಲ್ಲಿ ಹತ್ತಿ ಬೆಳೆಯುವವರಿಗೆ ಹತ್ತಿಯದೇ ಪಾಠವಂತೆ. ಜೋಳದ ಸೀಮೆಯ ನಮಗೆ ಕೊಟ್ಟ ಪುಸ್ತಕದಲ್ಲಿ ತೆಂಗಿನ ತೋಟವಿತ್ತು. ನನ್ನ ಹೊಟ್ಟೆ ಉರಿಯಿತು. ಅಂಥ ಯೋಜನೆ ಕೈಗೆ ಸಿಕ್ಕರೆ ಯಾರು ಬೇಕಾದರೂ ಕಲಿಸುತ್ತಾರೆ ಎಂದು ಗೊಣಗಿಕೊಂಡು ಎದ್ದುಬಂದೆ.

ಪಕ್ಕದಲ್ಲಿ ಕೂತಿದ್ದ ಸುರಪುರದ ಟೀಚರ್ ಗೊಣಗಲಿಲ್ಲ. ನಮ್ಮೂರಿನಲ್ಲೇ ಅಕ್ಷರ ಕಲಿಸುವ ಇನ್ನೊಂದು ಕೇಂದ್ರ ಆಕೆಯದು. ನೀರು ಬಂದ ಮೇಲೆ ಭತ್ತದ ನಾಟಿ ಶುರುವಾಗಿ, ಹೆಂಗಸರು ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು. ಸಂಜೆ ಸೊಂಟ ಹಿಡಿದುಕೊಂಡು ಬಂದವರು ನನ್ನ ಪಡಸಾಲೆ ಹತ್ತುತ್ತಿರಲಿಲ್ಲ. ಈಕೆ ಸೀರೆ ಎತ್ತಿ ಕಟ್ಟಿ ಅವರ ಸಾಲಿನಲ್ಲೇ ಕೆಸರಿಗಿಳಿದಳು. ಮಧ್ಯಾಹ್ನ ಕಾಲುವೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ, ಒಬ್ಬರ ರೊಟ್ಟಿಗೆ ಇನ್ನೊಬ್ಬರ ಪಲ್ಯ ಹಾಕಿಕೊಂಡು ಉಂಡ ಮೇಲೆ ಅಲ್ಲೇ ಪಾಠ. ಆಕೆ ಹಚ್ಚಿದ ಸಸಿ ಸೊಟ್ಟಗಾದರೆ ಅವರು ನಗುತ್ತಿದ್ದರು, ಅವರ ಅಕ್ಷರ ಸೊಟ್ಟಗಾದರೆ ಆಕೆ. ನಾಟಿ ಗುಂಪಿನಲ್ಲಿ ಅವ್ವನೂ ಇದ್ದಳು. ಪಾಠಕ್ಕೂ ಕೂರುತ್ತಾಳೆಂಬ ಸುಳಿವನ್ನು ಮಾತ್ರ ನನಗೆ ಕೊಟ್ಟಿರಲಿಲ್ಲ.

ಅದು ಬಯಲಾದದ್ದು ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಬಸ್ಸಿನ ಬೋರ್ಡು ನೋಡಿ, "ಶ, ಹಾ, ಪು, ರ. ಇದ ನಮ್ಮ ಬಸ್ಸು, ನಡಿ" ಅಂದಳು. ನನಗೆ ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು.

"ಮನ್ಯಾಗ ನಾ ಇದ್ದೀನಿ. ಆಕಿ ಕಡಿ ಯಾಕ ಕಲ್ತಿ?" ಎಂದೆ.

"ಆಕಿಗೆ ನಾಟಿ ಹಚ್ಚೋದು ನಾನ ಕಲಿಸೀನಿ," ಅಂದಳು ಅವ್ವ. "ನಿನಗ ನನ್ನ ಕಡಿಂದ ಕಲಿಯೂದು ಏನೂ ಉಳದಿಲ್ಲಲ್ಲ."

ಕ್ಯೂಬಾದ ಮೇಲಿದ್ದ ಸಿಟ್ಟೆಲ್ಲ ಸುರಪುರದ ಕಡೆ ತಿರುಗಿತು. ಅವ್ವ ಕಿಟಕಿಯ ಪಕ್ಕ ಕೂತು ದಾರಿಯಲ್ಲಿ ಸಿಕ್ಕ ಬೋರ್ಡನ್ನೆಲ್ಲ ಓದುತ್ತಾ ಬಂದಳು. ಒಂದು ಕಡೆ ಒತ್ತಕ್ಷರದಲ್ಲಿ ತಡವರಿಸಿ ನಿಂತಳು. ನಾನು ಆಸೆಯಿಂದ ಹೇಳಿಕೊಡಲು ಹೋದೆ.

"ಇರ್ಲಿ ಬಿಡು," ಅಂದಳು ಅವ್ವ. "ನಾಳಿ ಆಕಿನ್ನ ಕೇಳ್ತೀನಿ."