ಆಕ್ಸಿಲರೇಟರ್ ಮೇಲಿದ್ದ ನನ್ನ ಕಾಲು

ಹಗರಿಬೊಮ್ಮನಹಳ್ಳಿಯಲ್ಲಿರುವ ನಮ್ಮಣ್ಣನ ಗ್ಯಾರೇಜಿಗೆ ಈಗಲೂ ಹಳೇ ಪೆಟ್ರೋಲ್ ಕಾರುಗಳು ಬರುತ್ತವೆ. ಹೊಸ ಕಾರುಗಳಿಗೆ ಕಂಪ್ಯೂಟರ್ ಬೇಕು. ಅವು ಅವನ ಕೈಗೆ ಹತ್ತಲಿಲ್ಲ. ಹಳೇ ಇಂಜಿನ್ನಿಗೆ ಅವನ ಕಿವಿಯೇ ಸಾಕಿತ್ತು. ಇಂಜಿನ್ ಓಡುತ್ತಿರುವಾಗಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಿದ್ದ. ಕಿಡಿ ಹೊತ್ತಿಗೆ ಸರಿಯಾಗಿ ಬಿದ್ದರೆ, ಅಂದರೆ ಟೈಮಿಂಗ್ ಕೂತರೆ, ಇಂಜಿನ್ ತಾನಾಗಿ ವೇಗ ಏರಿಸಿಕೊಳ್ಳುತ್ತದೆ, ಸದ್ದು ನುಣ್ಣಗಾಗುತ್ತದೆ. ಅಲ್ಲಿಂದ ಒಂಚೂರು ಹಿಂದಕ್ಕೆ ಸರಿಸಿ ಬೋಲ್ಟ್ ಬಿಗಿಯುತ್ತಿದ್ದ. ಲೈಟು ಹಿಡಿದು ಚಕ್ರದ ಮೇಲಿನ ಟೈಮಿಂಗ್ ಗುರುತು ನೋಡುವ ಮೆಕ್ಯಾನಿಕ್‌ಗಳನ್ನು ಕಂಡರೆ ನಗುತ್ತಿದ್ದ.

ಹಡಗಲಿಯ ಗಂಡನ ಮನೆ ಬಿಟ್ಟು ಬಂದ ಮೇಲೆ ನಾನು ಅಣ್ಣನ ಮನೆಯಲ್ಲೇ ಇದ್ದೇನೆ. ಓದಿದ್ದು ಐದನೇ ಕ್ಲಾಸು. ಗ್ಯಾರೇಜಿನಲ್ಲಿ ನನ್ನ ಕೆಲಸ ಡ್ರೈವರ್ ಸೀಟಿನಲ್ಲಿ ಕೂತು, ಅವನು ಹೇಳಿದಾಗ ಆಕ್ಸಿಲರೇಟರ್ ಒತ್ತುವುದು, ಹೇಳಿದಾಗ ಬಿಡುವುದು. ಹಾಗೆ ಕೂತು ಕೂತೇ ನಾನೂ ಸದ್ದು ಕಲಿತೆ. ಅವನು ಕಲಿಸಲಿಲ್ಲ. ಸ್ಕ್ರೂಡ್ರೈವರ್ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದ.

ಒಂದು ದಿನ ಕೊಟ್ಟೂರಿನ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಕಾಲದ ಅಂಬಾಸಿಡರ್ ತಂದರು. ತಾಯಿಯನ್ನು ಅದೇ ಕಾರಿನಲ್ಲಿ ಉಚ್ಚಂಗಿದುರ್ಗಕ್ಕೆ ಕರೆದೊಯ್ಯಬೇಕಿತ್ತು. ಅಣ್ಣ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ಅರ್ಧ ಗಂಟೆ ತಿರುಗಿಸಿದರೂ ಇಂಜಿನ್ ಕೆಮ್ಮುತ್ತಲೇ ಇತ್ತು.

"ಅಣ್ಣಾ, ಪೆಟ್ರೋಲ್ ಕಮ್ಮಿ ಆಗೈತಿ, ಗಾಳಿ ಜಾಸ್ತಿ ಕುಡಿಯಾಕತ್ತೈತಿ," ಎಂದೆ.

ಅವನು ನನ್ನತ್ತ ತಿರುಗಲಿಲ್ಲ. ಆದರೆ ನಾನು ಹೇಳಿದಂತೆ ಸ್ಕ್ರೂವನ್ನು ಪೆಟ್ರೋಲ್ ಹೆಚ್ಚುವ ಕಡೆಗೇ ತಿರುಗಿಸಿದ. ಕೆಮ್ಮು ನಿಂತಿತು.

ವ್ಯಾಪಾರಿ ನಕ್ಕರು. "ನಿಮ್ಮ ತಂಗಿನೂ ಮೇಸ್ತ್ರಿ ಆಗ್ಯಾಳಲ್ಲೋ."

"ಏನ್ ಮೇಸ್ತ್ರಿ ಬಿಡ್ರಿ. ಇಕಿ ಕಾಲು ಕೆಲಸಕ್ಕ ಬರ್ತೈತಿ ಅಂತ ಕುಂದ್ರಿಸೀನಿ. ತಲಿ ಇದ್ದಿದ್ರ ಗಂಡನ ಮನ್ಯಾಗ ಬಾಳ್ತಿದ್ಲು."

ಇಬ್ಬರೂ ನಕ್ಕರು. ಎದುರಿನ ಟೈರ್ ಅಂಗಡಿಯವನೂ ನಕ್ಕ. ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಇಳಿದು ಹೋಗಬಹುದಿತ್ತು, ಹೋಗಲಿಲ್ಲ.

ಅಣ್ಣ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿದ. "ಕಾಲು ತೆಗಿ," ಎಂದ. ತೆಗೆದೆ. ಅವನು ತಿರುಗಿಸುತ್ತ ಹೋದ. ಇಂಜಿನ್ ಏರಿ, ನುಣ್ಣಗಾಗಿ, ಇಷ್ಟೇ ಎನ್ನುವ ಜಾಗಕ್ಕೆ ಬಂತು. ಅದು ನನಗೂ ಕೇಳಿತು. ಅವನು ಅದನ್ನು ದಾಟಿ ನೋಡಲು ಇನ್ನಷ್ಟು ತಿರುಗಿಸಿದಾಗ ನಾನು ಸೀರೆಯ ಮರೆಯಲ್ಲಿ ಹೆಬ್ಬೆರಳನ್ನು ಪೆಡಲ್ ಮೇಲೆ ಊರಿದೆ. ಬೀಳಬೇಕಿದ್ದ ಸದ್ದು ಮತ್ತೆ ಏರಿತು. ಅವನು ಇನ್ನೂ ತಿರುಗಿಸಿದ, ನಾನು ಇನ್ನೊಂಚೂರು ಒತ್ತಿದೆ.

"ಕಾಲು ಇಟ್ಟಿಯೇನ?"

"ಇಲ್ಲ."

ಸುಳ್ಳೇ ಹೇಳಿದೆ. ಅವನು ತಪ್ಪು ಜಾಗದಲ್ಲಿ ಬೋಲ್ಟ್ ಬಿಗಿದ.

ಮರುದಿನ ಮಧ್ಯಾಹ್ನ ವ್ಯಾಪಾರಿ ಕಾರಿನೊಂದಿಗೆ ವಾಪಸು ಬಂದರು. ಉಚ್ಚಂಗಿದುರ್ಗದ ದಾರಿಯಲ್ಲಿ ಏರು ಬಂದಾಗ ಇಂಜಿನ್ ಒಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಕಟಕಟ ಬಡಿದು, ಕಾದು ನಿಂತುಬಿಟ್ಟಿತ್ತಂತೆ. ತಾಯಿ ರಸ್ತೆ ಬದಿಯ ಬಿಸಿಲಲ್ಲಿ ಕಲ್ಲಿನ ಮೇಲೆ ಎರಡು ತಾಸು ಕೂತಿದ್ದರಂತೆ. ಆ ಮುದುಕಿಯ ವಿಷಯ ನನ್ನ ಲೆಕ್ಕದಲ್ಲೇ ಇರಲಿಲ್ಲ.

"ವಯಸ್ಸಾತು, ಕಿವಿ ಹೋಗ್ಯಾವು ಅಂತ ಹೇಳಿಬಿಡಬೇಕಿತ್ತು. ನಾನು ಬ್ಯಾರೆ ಕಡಿ ಒಯ್ತಿದ್ದೆ," ಎಂದರು ಅವರು. ಬೀದಿಯವರೆಲ್ಲ ಕೇಳುತ್ತಿದ್ದರು.

ಅಣ್ಣ ನನ್ನನ್ನು ಬೈದಿದ್ದರೆ, ನನ್ನ ಮೇಲೆ ಕೈ ಮಾಡಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬಾನೆಟ್ ಎತ್ತಿ ಬೋಲ್ಟ್ ನೋಡಿದ, ಆಮೇಲೆ ಕಿರುಬೆರಳನ್ನು ಕಿವಿಯಲ್ಲಿ ಹಾಕಿ ಅಲ್ಲಾಡಿಸಿಕೊಂಡ. ನನಗೆ ಖುಷಿಯಾಯಿತು. ಅದನ್ನೂ ಬರೆಯಲೇಬೇಕು.

ಮುಂದಿನ ವಾರ ಅವನು ಹೊಸಪೇಟೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದ. ಡಾಕ್ಟರು ಏನೂ ಆಗಿಲ್ಲ ಎಂದಿದ್ದರು. ಅವನು ಡಾಕ್ಟರನ್ನು ನಂಬಲಿಲ್ಲ. ತಾನು ಕಂಡು ನಗುತ್ತಿದ್ದ ಆ ಟೈಮಿಂಗ್ ಲೈಟನ್ನೇ ಕೊಂಡು ತಂದ.

ಅದಾದ ಮೇಲೆ ಮನೆಯಲ್ಲಿ ಜಗಳ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಹಡಗಲಿಯ ಮಾತು ತೆಗೆಯುತ್ತಾನೆ. ನಾನೂ ಅವನನ್ನು ಕಿವುಡ ಎಂದುಬಿಡುತ್ತೇನೆ. ಅವನಿಗೆ ಎಲ್ಲಿ ನೋಯುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ.

ಹೋದ ತಿಂಗಳು ಕೂಡ್ಲಿಗಿಯಿಂದ ಹಳೇ ಜೀಪೊಂದು ಬಂತು. ನಾನು ಕಾಲು ಪೆಡಲ್‌ನಿಂದ ದೂರ ಇಟ್ಟುಕೊಂಡು ಕೂತೆ. ಅವನು ಟೈಮಿಂಗನ್ನು ಕಿವಿಯಿಂದಲೇ ಸರಿಯಾಗಿ ಹಿಡಿದ, ಒಂದೇ ಸಲಕ್ಕೆ. ಆದರೆ ಬೋಲ್ಟ್ ಬಿಗಿಯುವ ಮೊದಲು ಅನುಮಾನ ಬಂದು ಮತ್ತೆ ತಿರುಗಿಸಿದ, ಲೈಟು ಹಿಡಿದ, ಅದರ ಗುರುತು ತಿಳಿಯದೆ ಇನ್ನಷ್ಟು ಕೆಡಿಸಿದ.

"ಮೊದಲು ಇದ್ದದ್ದೇ ಸರಿ ಇತ್ತು," ಎಂದೆ.

"ಹಂಗಾದ್ರ ನೀನ ಮಾಡು. ನಿನಗ ಬೇಕಾದದ್ದೂ ಅದ ಅಲ್ಲೇನು," ಎಂದು ಬೋಲ್ಟ್ ಬಿಗಿಯುವ ಪಾನಾವನ್ನು ನನ್ನ ಕಾಲ ಬಳಿ ಎಸೆದು ಚಹಾದಂಗಡಿಗೆ ಹೋದ.

ನಾನು ಪಾನಾ ಎತ್ತಿಕೊಂಡು ಇಳಿದೆ. ಜೀಪಿನ ಟೈಮಿಂಗ್ ನಾನೇ ಮಾಡಿದೆ. ಅಂದಿನಿಂದ ಟೈಮಿಂಗ್ ಕೆಲಸವೆಲ್ಲ ನನ್ನದೇ. ಅವನು ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಾನೆ, ಇಂಜಿನ್ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು. ನಿನ್ನ ಕಿವಿ ಚೆನ್ನಾಗಿಯೇ ಇದೆ ಎಂದು ಒಂದು ಮಾತು ಹೇಳಿದರೆ ಸಾಕು. ಹೇಳಿದರೆ ಪಾನಾ ವಾಪಸು ಕೊಡಬೇಕಾಗುತ್ತದೆ. ಅದಕ್ಕೇ ಅವನಿಗೆ ಹೇಳದೆ ಇಲ್ಲಿ ಬರೆದಿದ್ದೇನೆ. ಅವನು ಪೇಪರು, ಪುಸ್ತಕ ಓದುವವನಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.