ಬಲ್ಲುದು, ಬಹುದು

ಪಪ್ಪಾಯಿ ಕಾಯಿಯ ಹಾಲಿನಲ್ಲಿರುವ ಕಿಣ್ವ ಎಷ್ಟು ಚುರುಕಾಗಿದೆ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಬೆಚ್ಚಗಿನ ಹಸುವಿನ ಹಾಲಿಗೆ ಅದನ್ನು ಒಂದಿಷ್ಟು ಬೆರೆಸಿ, ಹಾಲು ಒಡೆಯುವವರೆಗೆ ಸೆಕೆಂಡು ಎಣಿಸಿದರಾಯಿತು. ಮೈಸೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಹೆಚ್ಚುಕಡಿಮೆ ಇದೇ. ಮನೆಯಲ್ಲಿ ಹಾಲು ಒಡೆದರೆ ಅತ್ತೆಯಿಂದ ಬೈಸಿಕೊಳ್ಳುತ್ತೇನೆ, ಇಲ್ಲಿ ಒಡೆಯದಿದ್ದರೆ ಮೇಷ್ಟ್ರಿಂದ.

ಕಾಯಿಯ ಹಾಲನ್ನು ಕುಂಬಾರಕೊಪ್ಪಲಿನ ಹೆಂಗಸೊಬ್ಬರು ತಂದುಕೊಡುತ್ತಿದ್ದರು. ಅವರ ಮನೆ ಹಿಂದೆ ನಾಲ್ಕು ಪಪ್ಪಾಯಿ ಗಿಡಗಳಿದ್ದವು. ಬಿಸಿಲೇರುವ ಮೊದಲು ಕಾಯಿಗೆ ಗೀರು ಹಾಕಿ, ಇಳಿದದ್ದನ್ನು ಬಾಟಲಿಯಲ್ಲಿ ಹಿಡಿದು, ಪ್ರತಿ ಸೋಮವಾರ ಬಸ್ಸಿನಲ್ಲಿ ಬರುತ್ತಿದ್ದರು. "ನಮ್ ಗಿಡದ್ದು ಇವತ್ತು ಬೇಗ ಒಡೀತಾ ಮೇಡಂ?" ಎಂದು ಕೇಳದೆ ಹೋದವರಲ್ಲ.

ಆ ಕಿಣ್ವಕ್ಕೆ ವೈರಸ್ ಬಗ್ಗುತ್ತದೆಯೇ ನೋಡೋಣ ಎಂದು ಮೇಷ್ಟ್ರು ಅದನ್ನು ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದರು. ಗಾಜಿನ ತಟ್ಟೆಯಲ್ಲಿ ವೈರಸ್ ಕೆಲವು ಸಲ ಕಡಿಮೆಯಾಯಿತು, ಕೆಲವು ಸಲ ಆಗಲಿಲ್ಲ. ಅಷ್ಟರಲ್ಲಿ ಕಾಲೇಜಿನ ವಸ್ತುಪ್ರದರ್ಶನ ಬಂತು. ಕನ್ನಡ ಬೋರ್ಡು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. "ಕೊಲ್ಲಬಹುದು, ಇನ್ನೂ ಗೊತ್ತಿಲ್ಲ ಅಂತ ಬರೀರಿ" ಎಂದರು ಮೇಷ್ಟ್ರು. ನನಗೆ ರೇಗಿತು. ವರ್ಷಗಟ್ಟಲೆ ಹಾಲು ಒಡೆಸಿದ್ದು "ಇನ್ನೂ ಗೊತ್ತಿಲ್ಲ" ಎಂದು ಬರೆಯುವುದಕ್ಕಾ? ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದೆ: ಪಪ್ಪಾಯಿ ಹಾಲಿನ ಕಿಣ್ವ ವೈರಸ್ಸನ್ನು ಕೊಲ್ಲಬಲ್ಲುದು. ನೋಡಲು ಗಟ್ಟಿಯಾಗಿತ್ತು. ಮೇಷ್ಟ್ರಿಗೆ ಅವತ್ತು ಅತಿಥಿಗಳ ಗಡಿಬಿಡಿ, ಓದಲಿಲ್ಲ.

ಕಾಯಿಯ ಹಾಲು ತರುವ ಆಕೆ ಪ್ರದರ್ಶನಕ್ಕೆ ಗಂಡನನ್ನೂ ಕರೆದುಕೊಂಡು ಬಂದಿದ್ದರು. ಬೋರ್ಡನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, "ನಮ್ ಗಿಡದ್ದೇ ಕಣ್ರೀ" ಎಂದು ಫೋಟೋ ತೆಗೆದುಕೊಂಡರು. ನಾನೂ ಪಕ್ಕದಲ್ಲಿ ನಿಂತು ನಕ್ಕೆ.

ಮಳೆಗಾಲದ ಒಂದು ಸೋಮವಾರ ಆಕೆ ಬರಲಿಲ್ಲ. ಹಾಲು ಬೆಚ್ಚಗೆ ಮಾಡಿಟ್ಟು ಕಾದು ಕಾದು, ಸಿಡುಕಿಕೊಂಡೇ ಫೋನ್ ಮಾಡಿದೆ.

"ಇವ್ರಿಗೆ ಜ್ವರ ಮೇಡಂ, ನಾಕು ದಿನ ಆಯ್ತು. ಡೆಂಗಿ ಅಂತಾರೆ ಎಲ್ರೂ. ನಮ್ ಪಪ್ಪಾಯಿ ಎಲೆ ಅರ್ದು ರಸ ಕುಡುಸ್ತಾ ಇವ್ನಿ, ಎಲೇಲೂ ಅದೇ ಹಾಲಲ್ವಾ."

"ಆಸ್ಪತ್ರೆಗೆ ತೋರಿಸಿದ್ರಾ?"

"ಯಾಕೆ ಮೇಡಂ? ಕೊಲ್ಲಬಲ್ಲುದು ಅಂತ ನೀವೇ ಬರ್ದಿದ್ರಲ್ಲ."

ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟು ಆಟೋ ಹಿಡಿದೆ. ಆ ಮನುಷ್ಯ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು. ತಲೆದಿಂಬಿನ ಪಕ್ಕದಲ್ಲಿ ಹಸಿರು ರಸದ ಲೋಟ ಇತ್ತು. ಇಬ್ಬರೂ ಸೇರಿ ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದೆವು. ಆಸ್ಪತ್ರೆಯ ಡಾಕ್ಟರು ಎಲೆ ರಸದ ವಿಷಯ ಕೇಳಿ, "ಇದನ್ನ ನಿಮಗೆ ಹೇಳಿದ್ದು ಯಾರಮ್ಮ?" ಎಂದರು. ಆಕೆ ನನ್ನ ಕಡೆ ನೋಡಲೇ ಇಲ್ಲ, "ಎಲ್ರೂ ಹೇಳ್ತಾರೆ ಸಾರ್" ಎಂದುಬಿಟ್ಟರು. ನಾನೂ ಬಾಯಿ ಬಿಡಲಿಲ್ಲ. ಆ ಸುಮ್ಮನಿರುವಿಕೆಗೆ ಈಗಲೂ ನಾಚಿಕೆಯಾಗುತ್ತದೆ.

ಎರಡು ದಿನ ಏನೂ ಹೇಳಲಾಗದು ಎಂದರು. ಆಮೇಲೆ ಆ ಮನುಷ್ಯ ಚೇತರಿಸಿಕೊಂಡರು. ಪ್ರದರ್ಶನ ಮುಗಿದ ಮೇಲೂ ಪ್ರಯೋಗಾಲಯದ ಗೋಡೆಯಲ್ಲೇ ಇದ್ದ ಬೋರ್ಡಿನ ಆ ಪದದ ಮೇಲೆ ನಾನು ಬಿಳಿ ಬಣ್ಣ ಬಳಿದು, "ಕೊಲ್ಲಬಹುದು" ಎಂದು ತಿದ್ದಿದೆ.

ತಿಂಗಳಾದ ಮೇಲೆ ಆಕೆ ಎಂದಿನಂತೆ ಬಾಟಲಿ ಹಿಡಿದು ಬಂದರು. ಬೋರ್ಡಿನ ಮುಂದೆ ನಿಂತು, ಫೋನಿನಲ್ಲಿದ್ದ ಫೋಟೋ ತೆಗೆದು, ಎರಡನ್ನೂ ಬೆರಳಿಟ್ಟು ಓದಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಇದೂ ಅಂಗೇ ಅಲ್ವಾ ಮೇಡಂ, ಓದಿದ್ರೆ ಕೊಲ್ತದೆ ಅಂತ್ಲೇ ಅನ್ಸ್ತದೆ," ಎಂದರು ಮೆಲ್ಲಗೆ. "ಗೊತ್ತಿಲ್ಲ ಅಂತ ಬರ್ದಿದ್ರೆ ನಾನು ಅವತ್ತೇ ಆಸ್ಪತ್ರೆಗೆ ಕರ್ಕೊಂಡೋಗ್ತಿದ್ದೆ."